ಮೇಷ್ಟ್ರು ಕೇಳಿದರೆಂದು ಕೊಟ್ಟ ಹಣ

ಕಳೆದ ವರ್ಷ ಯಾರೋ ಫೇಸ್‌ಬುಕ್‌ನಲ್ಲಿ ನನ್ನ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದರು. ಬೀಳ್ಕೊಡುಗೆಯ ದಿನ ಶಾಲು ಹೊದ್ದು ಕುಳಿತ ನನ್ನ ಚಿತ್ರವನ್ನೇ ಅದಕ್ಕೆ ಹಾಕಿದ್ದರು. ನನ್ನ ಸ್ನೇಹಿತರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದ ತಪ್ಪು ನನ್ನದು. "ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ 15,000 ರೂಪಾಯಿ ಬೇಕು, ನಾಳೆ ಹಿಂದಿರುಗಿಸುತ್ತೇನೆ" ಎಂಬ ಸಂದೇಶ ಹಲವರಿಗೆ ಹೋಯಿತು. ಬಹಳ ಮಂದಿ ನನಗೆ ದೂರವಾಣಿ ಮಾಡಿ ವಿಚಾರಿಸಿದರು. ಒಬ್ಬ ಹಳೆಯ ವಿದ್ಯಾರ್ಥಿ ಮಾತ್ರ ವಿಚಾರಿಸದೆ ಹಣ ಕಳುಹಿಸಿಬಿಟ್ಟ.

"ಇಂಜಿನಿಯರ್ ಆಗಿ ಇಷ್ಟೂ ತಿಳಿಯಲಿಲ್ಲವೇ?" ಎಂದು ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಮೋಸಹೋಗುವವರೆಲ್ಲ ದಡ್ಡರು ಅಥವಾ ಆಸೆಬುರುಕರು ಎಂಬುದು ನಾವು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು. ಲಾಟರಿಯ ಆಮಿಷಕ್ಕೆ ಅದು ಹೊಂದೀತು. ಇಲ್ಲಿ ಆ ಹುಡುಗನಿಗೆ (ನಲವತ್ತು ದಾಟಿದೆ, ನನಗಿನ್ನೂ ಹುಡುಗನೇ) ಯಾವ ಲಾಭದ ಆಸೆಯಿತ್ತು? ಅವನು ನಂಬಿದ್ದು ವಂಚಕನನ್ನಲ್ಲ, ನನ್ನನ್ನು. ಮೂವತ್ತು ವರ್ಷ ಪಾಠ ಹೇಳಿ ನಾನು ಗಳಿಸಿದ ವಿಶ್ವಾಸವನ್ನು ವಂಚಕ ಒಂದೇ ಚಿತ್ರದೊಡನೆ ಕದ್ದೊಯ್ದ.

ಇದು ಗಣಕಯಂತ್ರ ಕಲಿಸಿದ ವಿದ್ಯೆಯೂ ಅಲ್ಲ. 1849ರಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಲಿಯಂ ಥಾಂಪ್ಸನ್ ಎಂಬಾತ ಸೆರೆಸಿಕ್ಕ. ಒಳ್ಳೆಯ ಉಡುಪು ತೊಟ್ಟು, ಹಳೆಯ ಪರಿಚಿತನಂತೆ ಮಾತನಾಡಿ, "ನಾಳೆಯವರೆಗೆ ನಿಮ್ಮ ಗಡಿಯಾರವನ್ನು ನನಗೆ ನಂಬಿ ಕೊಡುವಿರಾ?" ಎಂದು ಕೇಳುತ್ತಿದ್ದನಂತೆ. ಜನ ಕೊಡುತ್ತಿದ್ದರು. ಪರಿಚಿತನಿಗೆ ಇಲ್ಲವೆನ್ನಲು ಅವರಿಗೂ ಸಂಕೋಚವೇ ಇದ್ದಿರಬೇಕು.

"ಒಂದು ಮಾತು ಫೋನ್ ಮಾಡಬಾರದಿತ್ತೇನೋ?" ಎಂದು ನಾನು ಅವನನ್ನು ಕೇಳಿದೆ. "ಆಸ್ಪತ್ರೆಯಲ್ಲಿರುವ ನಿಮ್ಮನ್ನು 'ನಿಜವಾಗಿಯೂ ನೀವೇನಾ ಸಾರ್' ಅಂತ ಹೇಗೆ ಕೇಳಲಿ? ಅನುಮಾನಪಟ್ಟ ಹಾಗಾಗುತ್ತಿತ್ತು" ಎಂದ. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. "ಎದುರು ಮಾತನಾಡಬೇಡ, ಹೇಳಿದಷ್ಟು ಮಾಡು" ಎಂದು ಅದೇ ಹುಡುಗನನ್ನು ತರಗತಿಯಲ್ಲಿ ಎಷ್ಟು ಸಲ ಗದರಿದ್ದೆನೋ! ವಿಧೇಯತೆಗೆ ಅಂಕ ಕೊಟ್ಟವರು ನಾವೇ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ಕಂಡೊಡನೆ ನಮ್ಮ ವಯಸ್ಸಿನವರು 'ಡಿಜಿಟಲ್ ಅರೆಸ್ಟ್' ಎಂದು ಬೆದರಿ ಹಣ ಕಟ್ಟುವುದೂ ಇದೇ ಪಾಠದ ಫಲ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಅವನು 1930 ಸಂಖ್ಯೆಗೆ ದೂರು ಕೊಡುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಹಣ ಬೇರೆ ಖಾತೆಗಳಿಗೆ ದಾಟಿಹೋಗಿತ್ತು. ಕೂಡಲೇ ತಿಳಿಸಿದ್ದರೆ ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತಿತ್ತು. ಅಷ್ಟು ಹಣ ನಾನೇ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ನನ್ನ ಹೆಸರಿನಲ್ಲಿ ಹಣ ಕೇಳಿ ಯಾವ ಸಂದೇಶ ಬಂದರೂ ಮೊದಲು ನನಗೆ ದೂರವಾಣಿ ಮಾಡಿ. "ನೀವೇನಾ ಸಾರ್?" ಎಂದು ಧಾರಾಳವಾಗಿ ಕೇಳಿ. ಅಪರಾತ್ರಿಯಾದರೂ ಚಿಂತೆಯಿಲ್ಲ, ನನಗೆ ಹೇಗೂ ನಿದ್ರೆ ಕಡಿಮೆ.