ಮನೆಯ ಕ್ಯಾಮೆರಾ: ಕಾವಲಿದ್ದೂ ಸಾಕ್ಷ್ಯವಿಲ್ಲವೇಕೆ?

ಮನೆಗಳ್ಳತನದ ದೂರು ದಾಖಲಾದೊಡನೆ ತನಿಖಾಧಿಕಾರಿಗಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ಕ್ಯಾಮೆರಾ ಇದೆಯೇ?' ಎಂಬುದು. ಇದೆ ಎಂಬ ಉತ್ತರ ಈಗ ನಗರಗಳಲ್ಲಿ ಸಾಮಾನ್ಯ. ಆದರೆ ಎರಡನೆಯ ಪ್ರಶ್ನೆಗೆ, ಅಂದರೆ ಆ ರಾತ್ರಿಯ ದೃಶ್ಯ ಎಲ್ಲಿ ಎಂಬುದಕ್ಕೆ, ಅನೇಕ ಮನೆಗಳಲ್ಲಿ ಉತ್ತರ ದೊರೆಯುವುದಿಲ್ಲ. ಮೆಮೊರಿ ಕಾರ್ಡ್ ಎಂದೋ ಕೆಟ್ಟಿರುತ್ತದೆ, ವೈಫೈ ಸಂಪರ್ಕ ತಪ್ಪಿರುತ್ತದೆ, ಗಡಿಯಾರ ಬೇರೆ ವರ್ಷವನ್ನೇ ತೋರಿಸುತ್ತಿರುತ್ತದೆ. ಇನ್ನು ಕೆಲವೆಡೆ ದೃಶ್ಯಗಳನ್ನು ಸಂಗ್ರಹಿಸುವ ಡಿವಿಆರ್ ಪೆಟ್ಟಿಗೆಯನ್ನೇ ಕಳ್ಳರು ಹೊತ್ತೊಯ್ದಿರುತ್ತಾರೆ.

ಕ್ಯಾಮೆರಾಗಳ ಬಗೆಗಿನ ಸಾರ್ವಜನಿಕ ಚರ್ಚೆ ಕಳೆದ ಕೆಲವು ವರ್ಷಗಳಿಂದ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಸಾಗಿದೆ: ಅವು ಯಾವ ದೇಶದಲ್ಲಿ ತಯಾರಾದವು, ದೃಶ್ಯಗಳು ಯಾರ ಕೈಸೇರುತ್ತವೆ ಎಂಬುದು. ಸರ್ಕಾರಿ ಸಂಸ್ಥೆಗಳಲ್ಲಿ ಚೀನಾ ಮೂಲದ ಕಂಪನಿಗಳ ಸುಮಾರು 10 ಲಕ್ಷ ಕ್ಯಾಮೆರಾಗಳಿವೆ ಎಂದು 2021ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ಅದರ ಮುಂದುವರಿಕೆಯಾಗಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಕಡ್ಡಾಯ ನೋಂದಣಿ ಆದೇಶಕ್ಕೆ ತಿದ್ದುಪಡಿ ತಂದು, ಸಿಸಿಟಿವಿ ಕ್ಯಾಮೆರಾಗಳು ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಭದ್ರತಾ ಪರೀಕ್ಷೆಗೆ ಒಳಪಡಬೇಕೆಂದು ವಿಧಿಸಿತು. ಗಡುವು ವಿಸ್ತರಣೆಯ ಬಳಿಕ ಈ ನಿಯಮ 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿತು.

ಇದು ಅಗತ್ಯವಾಗಿದ್ದ ಕ್ರಮವೇ ಸರಿ. ಆದರೆ ಅದು ಅನ್ವಯಿಸುವುದು ತಯಾರಕರು ಮತ್ತು ಆಮದುದಾರರಿಗೆ, ಮಾರುಕಟ್ಟೆಗೆ ಬರುವ ಸರಕಿಗೆ. ಈಗಾಗಲೇ ಗೋಡೆಯಲ್ಲಿ ತೂಗುತ್ತಿರುವ ಹಳೆಯ ಕ್ಯಾಮೆರಾವನ್ನು ಪರೀಕ್ಷಿಸುವವರು ಯಾರೂ ಇಲ್ಲ. ಫ್ಯಾನಿನಂತೆ ಒಮ್ಮೆ ಅಳವಡಿಸಿ ಮರೆಯಬಹುದಾದ ವಸ್ತುವೆಂದೇ ಬಹುತೇಕ ಗ್ರಾಹಕರು ಅದನ್ನು ಭಾವಿಸಿದ್ದಾರೆ. ಫ್ಯಾನು ನಿಂತರೆ ಸೆಕೆಯಿಂದ ತಿಳಿಯುತ್ತದೆ. ಕ್ಯಾಮೆರಾ ನಿಂತರೆ ತಿಳಿಸುವ ಗುರುತು ಯಾವುದೂ ಇಲ್ಲ. ಕೆಂಪು ದೀಪವೊಂದು ಉರಿಯುತ್ತಲೇ ಇರುತ್ತದೆ, ಅಷ್ಟೆ.

ರಾತ್ರಿ ಕೈಕೊಡುವ ಕಾವಲು

ಹಗಲೆಲ್ಲ ಸರಿಯಾಗಿದ್ದು ಕತ್ತಲಾದೊಡನೆ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುವ ಕ್ಯಾಮೆರಾದ ಬಗ್ಗೆ ದೂರುಗಳು ಹೆಚ್ಚು. ಉಪಕರಣವೇ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವವರೂ ಇದ್ದಾರೆ. ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಅಡಾಪ್ಟರ್‌ನಲ್ಲಿ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ತಾವಾಗಿ ಹೊತ್ತಿಕೊಳ್ಳುತ್ತವೆ, ವಿದ್ಯುತ್ ಬಳಕೆ ಏರುತ್ತದೆ. ಹಗಲಿಗೆ ಸಾಕಾಗುತ್ತಿದ್ದ ಅಗ್ಗದ ಅಡಾಪ್ಟರ್, ಅಥವಾ ಮಹಡಿಯಿಂದ ಗೇಟಿನವರೆಗೆ ಎಳೆದ ತೆಳುವಾದ ತಂತಿ, ಆ ಹೊರೆಯನ್ನು ತಾಳಲಾರದೆ ವೋಲ್ಟೇಜ್ ಕುಸಿಯುತ್ತದೆ. ಕ್ಯಾಮೆರಾ ಆರುತ್ತದೆ, ಹೊರೆ ಇಳಿಯುತ್ತದೆ, ಮತ್ತೆ ಹೊತ್ತುತ್ತದೆ. ಸರಿಯಾದ ಸಾಮರ್ಥ್ಯದ ಅಡಾಪ್ಟರ್ ಅಳವಡಿಸಿದರೆ ಅಥವಾ ಅದನ್ನು ಕ್ಯಾಮೆರಾದ ಸಮೀಪಕ್ಕೆ ತಂದರೆ ಸಮಸ್ಯೆ ಬಗೆಹರಿಯುವುದುಂಟು. ನೆಟ್‌ವರ್ಕ್ ಕೇಬಲ್ ಮೂಲಕವೇ ವಿದ್ಯುತ್ ಪಡೆಯುವ ಮಾದರಿಗಳಲ್ಲಿ ಕೇಬಲ್‌ನ ಉದ್ದ 100 ಮೀಟರ್ ಮೀರಬಾರದು.

ರಾತ್ರಿಯ ಚಿತ್ರವೆಲ್ಲ ಬಿಳಿ ಮಂಜು ಕವಿದಂತೆ ಕಂಡರೆ ಕಾರಣ ಇನ್ನೂ ಸರಳ. ಕಿಟಕಿಯ ಗಾಜಿನ ಹಿಂದೆ ಇರಿಸಿದ ಕ್ಯಾಮೆರಾದ ಬೆಳಕು ಆ ಗಾಜಿಗೇ ಬಡಿದು ಹಿಂದಿರುಗುತ್ತದೆ. ಹೊರಗಿರುವ ಕ್ಯಾಮೆರಾದಲ್ಲಾದರೆ ಧೂಳು, ಮಳೆಹನಿಯ ಕಲೆ, ಸೂರಿನ ಅಂಚು ಇದೇ ಕೆಲಸವನ್ನು ಮಾಡುತ್ತವೆ. ನಮ್ಮ ಮಳೆಗಾಲದಲ್ಲಂತೂ ಜೇಡರ ಬಲೆಯೇ ದೊಡ್ಡ ಶತ್ರು. ದೀಪದ ಸುತ್ತ ಹುಳುಗಳು ಸೇರುತ್ತವೆ, ಅವುಗಳಿಗಾಗಿ ಜೇಡ ಮಸೂರದ ಮುಂದೆಯೇ ಬಲೆ ನೇಯುತ್ತದೆ, ಗಾಳಿಗೆ ಬಲೆ ಅಲುಗಿದಾಗಲೆಲ್ಲ ಮೊಬೈಲ್‌ಗೆ 'ಚಲನೆ ಪತ್ತೆಯಾಗಿದೆ' ಎಂಬ ಸಂದೇಶ ಬರುತ್ತದೆ. ಒಂದು ವಾರ ಇದನ್ನು ಸಹಿಸಿದ ಮನೆಯೊಡೆಯ ಎಚ್ಚರಿಕೆಯ ಸಂದೇಶಗಳನ್ನೇ ನಿಲ್ಲಿಸಿಬಿಡುತ್ತಾನೆ. ತಿಂಗಳಿಗೊಮ್ಮೆ ಮೃದುವಾದ ಬಟ್ಟೆಯಿಂದ ಒರೆಸುವುದನ್ನು ಬಿಟ್ಟು ಇದಕ್ಕೆ ಬೇರೆ ತಂತ್ರಜ್ಞಾನ ಬೇಕಿಲ್ಲ.

ವಿದ್ಯುತ್ ಕಡಿತದ ಸಂಗತಿ ಬೇರೆ. ಕ್ಯಾಮೆರಾವನ್ನು ಇನ್ವರ್ಟರ್‌ಗೆ ಜೋಡಿಸಿ ವೈಫೈ ರೂಟರ್ ಅನ್ನು ಮರೆಯುವ ಮನೆಗಳು ಬಹಳ. ಆಗ ಕ್ಯಾಮೆರಾಗೆ ಜೀವವಿದ್ದರೂ ಮಾತಿಲ್ಲದಂತಾಗುತ್ತದೆ: ಒಳಗೆ ಕಾರ್ಡ್ ಇದ್ದರೆ ಮುದ್ರಣವಾಗುತ್ತದೆ, ಕೇವಲ ಕ್ಲೌಡ್ ಸಂಗ್ರಹವನ್ನು ನೆಚ್ಚಿದ್ದರೆ ಏನೂ ಉಳಿಯುವುದಿಲ್ಲ. ಚಂದಾ ಅವಧಿ ಮುಗಿದ ಬಳಿಕ ಕ್ಲೌಡ್‌ನಲ್ಲಿದ್ದ ಹಳೆಯ ದೃಶ್ಯಗಳು ದೊರೆಯದಿರುವುದೂ ಉಂಟು. ಇನ್ನು ಮೊದಲ ಅಳವಡಿಕೆಯಲ್ಲೇ ಸಂಪರ್ಕ ದೊರೆಯದಿದ್ದರೆ ರೂಟರ್ ಅನ್ನು ಗಮನಿಸಬೇಕು. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು, ಮೊಬೈಲ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಎರಡಕ್ಕೂ ಹೊಂದಾಣಿಕೆಯಾಗದೆ ಅಳವಡಿಕೆ ಅರ್ಧಕ್ಕೆ ನಿಲ್ಲಬಹುದು.

ಎಷ್ಟು ದಿನದ ನೆನಪು?

ಅಂಗಡಿಯಲ್ಲಿ ಗ್ರಾಹಕ ಕೇಳುವುದು ಚಿತ್ರದ ಸ್ಪಷ್ಟತೆಯ ಬಗ್ಗೆ. ಕೇಳದೆ ಬಿಡುವ ಪ್ರಶ್ನೆ ಸಂಗ್ರಹದ್ದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ಮುದ್ರಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ತುಂಬುತ್ತದೆ. ಅಂದರೆ 64 ಜಿಬಿ ಕಾರ್ಡ್‌ನ ಸ್ಮರಣೆ ಮೂರು ದಿನವನ್ನೂ ಮುಟ್ಟುವುದಿಲ್ಲ. ನಾಲ್ಕು ಕ್ಯಾಮೆರಾಗಳಿರುವ ಮನೆಯಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ಹನ್ನೆರಡು ದಿನಗಳಲ್ಲಿ ತುಂಬಿ, ಹಳೆಯ ದೃಶ್ಯಗಳ ಮೇಲೆ ಹೊಸವು ಬರೆಯಲ್ಪಡುತ್ತವೆ. ಎರಡು ವಾರಗಳ ಪ್ರವಾಸ ಮುಗಿಸಿ ಹಿಂದಿರುಗಿ ಬಾಗಿಲು ಮುರಿದಿರುವುದನ್ನು ಕಂಡ ಕುಟುಂಬಕ್ಕೆ ಈ ಲೆಕ್ಕ ಆಗ ಅರ್ಥವಾಗುತ್ತದೆ.

ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳು) ಜಾರಿ ಅಧಿನಿಯಮ, 2017 ಜನ ಸೇರುವ ಸಂಸ್ಥೆಗಳು 30 ದಿನಗಳ ದೃಶ್ಯಾವಳಿಯನ್ನು ಕಾಯ್ದಿರಿಸಬೇಕೆನ್ನುತ್ತದೆ. ಒಂಟಿ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಅದೊಂದು ಯೋಗ್ಯ ಅಳತೆಗೋಲು. ಮೇಲಿನ ನಾಲ್ಕು ಕ್ಯಾಮೆರಾಗಳ ಮನೆಗೆ 30 ದಿನದ ಸಂಗ್ರಹ ಬೇಕೆಂದರೆ ಸುಮಾರು 2.6 ಟಿಬಿ ಅಗತ್ಯ. ಹೊಸ ಸಂಕೋಚನ ವಿಧಾನವನ್ನು ಬಳಸುವ ಅಥವಾ ಚಲನೆ ಇದ್ದಾಗ ಮಾತ್ರ ಮುದ್ರಿಸುವ ವ್ಯವಸ್ಥೆಯಲ್ಲಿ ಇದು ತಗ್ಗುತ್ತದೆ. ಎರಡನೆಯದರಲ್ಲಿ ಒಂದು ಅಪಾಯವಿದೆ: ಸಂವೇದನೆಯ ಮಟ್ಟವನ್ನು ತೀರ ಇಳಿಸಿದ್ದರೆ ಕಳ್ಳನ ನೆರಳೂ ಮುದ್ರಣವಾಗದೆ ಹೋದೀತು.

ಮೆಮೊರಿ ಕಾರ್ಡ್‌ಗಳಿಗೂ ಆಯುಷ್ಯವಿದೆ. ಮೊಬೈಲ್‌ಗೆಂದು ತಯಾರಾದ ಕಾರ್ಡ್ ಹಗಲಿರುಳು ಬರೆಯುವ ಕೆಲಸಕ್ಕೆ ಸಲ್ಲದು; ಅದಕ್ಕೆಂದೇ ಹೆಚ್ಚು ತಾಳಿಕೆಯ ಕಾರ್ಡ್‌ಗಳು ದೊರೆಯುತ್ತವೆ. ಕೆಟ್ಟ ಕಾರ್ಡ್ ಇರುವಾಗಲೂ ಮೊಬೈಲ್ ಪರದೆಯಲ್ಲಿ ನೇರ ದೃಶ್ಯ ಚೆನ್ನಾಗಿಯೇ ಬರುತ್ತದೆ. ಹಾಗಾಗಿ ನೇರ ದೃಶ್ಯ ನೋಡಿ ತೃಪ್ತರಾಗುವುದು ಪರೀಕ್ಷೆಯಲ್ಲ. ಮೊನ್ನೆ ರಾತ್ರಿ ಎರಡು ಗಂಟೆಯ ದೃಶ್ಯವನ್ನು ತೆರೆದು ನೋಡಬೇಕು. ಅದು ತೆರೆದುಕೊಂಡರೆ ಕಾರ್ಡ್, ಸಮಯ, ರಾತ್ರಿದೃಷ್ಟಿ ಮೂರೂ ಸರಿಯಿವೆಯೆಂದು ಒಂದೇ ಬಾರಿಗೆ ಖಚಿತವಾಗುತ್ತದೆ.

ಗಡಿಯಾರ ಮತ್ತು ನ್ಯಾಯಾಲಯ

ಸಮಯದ ದೋಷವನ್ನು ಕಿರಿದೆಂದು ಭಾವಿಸುವವರೇ ಹೆಚ್ಚು. ಡಿವಿಆರ್ ಒಳಗಿನ ಗುಂಡಿಯಾಕಾರದ ಬ್ಯಾಟರಿ ಮುಗಿದರೆ ಪ್ರತಿ ವಿದ್ಯುತ್ ಕಡಿತದ ಬಳಿಕ ಗಡಿಯಾರ ತಯಾರಿಕೆಯ ಕಾಲಕ್ಕೆ ಹಿಂದಿರುಗಬಹುದು. ಕಾಲವಲಯವನ್ನು ಭಾರತಕ್ಕೆ ಹೊಂದಿಸದಿದ್ದರೆ ಐದೂವರೆ ಗಂಟೆಯ ವ್ಯತ್ಯಾಸ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ನಡೆದ ಕೃತ್ಯ ಸಂಜೆ ಐದೂವರೆಯದೆಂದು ದಾಖಲಾದರೆ ಆರೋಪಿಯ ಪರ ವಕೀಲರಿಗೆ ಅದಕ್ಕಿಂತ ಒಳ್ಳೆಯ ವರ ಬೇರೊಂದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣವು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ. ಸಂಬಂಧಿತ ಅವಧಿಯಲ್ಲಿ ಉಪಕರಣ ಸರಿಯಾಗಿ ಕಾರ್ಯನಿರ್ವಹಿಸುತ್ತಿತ್ತೇ ಎಂಬುದೂ ಅದರ ಷರತ್ತುಗಳಲ್ಲೊಂದು. ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ: ಒಂದನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ಭರ್ತಿ ಮಾಡಬೇಕು. ಹಿಂದಿನ ಕಾಯ್ದೆಯ 65ಬಿ ಪ್ರಕರಣದ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಮೂಲ ಉಪಕರಣವನ್ನೇ ಅದರ ಒಡೆಯ ನ್ಯಾಯಾಲಯಕ್ಕೆ ತಂದು ಸಾಕ್ಷ್ಯ ನುಡಿದರೆ ಅದರ ಅಗತ್ಯವಿಲ್ಲವೆಂದೂ ಹೇಳಿತ್ತು. ಹೀಗಿರುವಾಗ ಮೊಬೈಲ್ ಪರದೆಯನ್ನು ಇನ್ನೊಂದು ಮೊಬೈಲ್‌ನಿಂದ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ತುಣುಕು ಕಳ್ಳನನ್ನು ಗುರುತಿಸಲು ನೆರವಾದೀತು, ಆದರೆ ವಿಚಾರಣೆಯಲ್ಲಿ ಅದನ್ನೇ ನೆಚ್ಚುವಂತಿಲ್ಲ.

ಆದಕಾರಣ ಘಟನೆ ನಡೆದ ಬಳಿಕ ಮಾಡಬಾರದ ಕೆಲಸಗಳು ಮಾಡಬೇಕಾದವುಗಳಷ್ಟೇ ಮುಖ್ಯ. ಗಾಬರಿಯಲ್ಲಿ ರೀಸೆಟ್ ಗುಂಡಿ ಒತ್ತಬಾರದು. 'ಕಾರ್ಡ್ ಫಾರ್ಮ್ಯಾಟ್ ಮಾಡಲೇ?' ಎಂಬ ಪ್ರಶ್ನೆಗೆ ಒಪ್ಪಬಾರದು. ಗಡಿಯಾರ ತಪ್ಪಿದ್ದರೆ ಕೂಡಲೇ ಸರಿಪಡಿಸದೆ, ನಿಜವಾದ ಸಮಯಕ್ಕೂ ಅದಕ್ಕೂ ಇರುವ ಅಂತರವನ್ನು ಬರೆದಿಟ್ಟು ಪೊಲೀಸರಿಗೆ ತಿಳಿಸಬೇಕು. ಹಳೆಯ ದೃಶ್ಯದ ಮೇಲೆ ಹೊಸದು ಬರೆಯದಂತೆ ಮುದ್ರಣವನ್ನು ನಿಲ್ಲಿಸಬೇಕು. ಡಿವಿಆರ್ ಅನ್ನು ಟಿವಿ ಪಕ್ಕದಲ್ಲಿ ಪ್ರದರ್ಶನಕ್ಕಿಡುವ ರೂಢಿಯ ಬಗ್ಗೆ ಹೇಳಬೇಕಾದ್ದೇನಿಲ್ಲ. ಗಾಳಿಯಾಡುವ, ಬೀಗವಿರುವ ಬೇರೆ ಜಾಗ ಮನೆಯಲ್ಲಿ ಸಿಕ್ಕೇ ಸಿಗುತ್ತದೆ.

ಈ ನಿರ್ಲಕ್ಷ್ಯ ಮನೆಗಳಿಗಷ್ಟೇ ಸೀಮಿತವಲ್ಲ. ಎಲ್ಲ ಪೊಲೀಸ್ ಠಾಣೆಗಳಲ್ಲಿ ಕ್ಯಾಮೆರಾ ಅಳವಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಕೆಲಸ ಮಾಡದ ಠಾಣಾ ಕ್ಯಾಮೆರಾಗಳ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು.

ಕೀಲಿಕೈ ಯಾರ ಬಳಿ?

ಕೆಲಸ ಮಾಡದ ಕ್ಯಾಮೆರಾ ನಷ್ಟ ತರುತ್ತದೆ; ಚೆನ್ನಾಗಿ ಕೆಲಸ ಮಾಡುತ್ತಾ ಬೇರೆಯವರಿಗೆ ತೆರೆದುಕೊಂಡ ಕ್ಯಾಮೆರಾ ಮಾನವನ್ನೇ ಕಳೆಯಬಲ್ಲದು. ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ದೃಶ್ಯಗಳು ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ಪ್ರಕಟವಾಗಿ ಮಾರಾಟಕ್ಕಿಟ್ಟಿದ್ದುದು 2025ರ ಫೆಬ್ರವರಿಯಲ್ಲಿ ಬಯಲಾಯಿತು, ಬಂಧನಗಳೂ ನಡೆದವು. ಅದಕ್ಕೂ ಮುನ್ನ 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ತಯಾರಕರು ಕೊಟ್ಟ ಅರವತ್ತರಷ್ಟು ಸಿದ್ಧ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಬಳಸಿ ಅಸಂಖ್ಯ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡಿತ್ತು. ಅವುಗಳ ಮೂಲಕ ನಡೆದ ದಾಳಿಯಿಂದ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟ್ಟರ್ ಸೇರಿದಂತೆ ಹಲವು ಪ್ರಮುಖ ತಾಣಗಳು ಗಂಟೆಗಟ್ಟಲೆ ಸ್ಥಗಿತಗೊಂಡವು. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲರಿಗೂ ಒಂದೇ ಎಂಬಂತಹ ಸಿದ್ಧ ಪಾಸ್‌ವರ್ಡ್‌ಗಳನ್ನು ಕಾನೂನಿನಿಂದಲೇ ನಿಷೇಧಿಸಿದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕ್ಯಾಮೆರಾ ಅಳವಡಿಸಲು ಬಂದವರು ಅನುಕೂಲಕ್ಕೆಂದು ತಮ್ಮದೇ ಮೊಬೈಲ್ ಸಂಖ್ಯೆಯಲ್ಲಿ ಖಾತೆ ತೆರೆದು, ಮನೆಯವರಿಗೆ ಕೇವಲ ನೋಡುವ ಅವಕಾಶ ಹಂಚಿ ಹೋಗಿರುತ್ತಾರೆ. ದುರುದ್ದೇಶ ಇಲ್ಲದಿರಬಹುದು. ಆದರೆ ಮನೆಯ ದೃಶ್ಯಗಳ ಒಡೆತನ ಕಾನೂನಿನಲ್ಲಿ ಏನೇ ಇರಲಿ, ತಾಂತ್ರಿಕವಾಗಿ ಅವರದ್ದಾಗಿರುತ್ತದೆ. ಪಾಸ್‌ವರ್ಡ್ ಮರೆತಾಗ, ಸಂಖ್ಯೆ ಬದಲಾದಾಗ ಮನೆಯೊಡೆಯನೇ ಹೊರಗಿನವನಾಗುತ್ತಾನೆ. ಅಳವಡಿಕೆಯ ದಿನವೇ ಖಾತೆ ತಮ್ಮ ಹೆಸರಿನಲ್ಲಿದೆಯೇ, ಬೇರೆ ಯಾವ ಸಾಧನಗಳಿಗೆ ಪ್ರವೇಶವಿದೆ ಎಂಬುದನ್ನು ಪರಿಶೀಲಿಸಬೇಕು. ಸಿದ್ಧ ಪಾಸ್‌ವರ್ಡ್ ಬದಲಿಸಿ, ಸೌಲಭ್ಯವಿದ್ದರೆ ಎರಡು ಹಂತದ ದೃಢೀಕರಣವನ್ನು ಜಾರಿಗೊಳಿಸಬೇಕು. ತಯಾರಕರು ತಂತ್ರಾಂಶದ ಪರಿಷ್ಕರಣೆಯನ್ನು ನಿಲ್ಲಿಸಿರುವ ಹಳೆಯ ಮಾದರಿಯನ್ನು ಅಂತರಜಾಲದಿಂದ ಬೇರ್ಪಡಿಸಿ, ಮನೆಯೊಳಗಿನ ಸಂಗ್ರಹಕ್ಕೆ ಮಾತ್ರ ಬಳಸುವುದು ಲೇಸು. ಮಲಗುವ ಕೋಣೆಗೆ ಕ್ಯಾಮೆರಾ ಬೇಡವೇ ಬೇಡ.

ಕಾನೂನಿನ ರಕ್ಷಣೆ ಇಲ್ಲಿ ತೆಳುವಾಗಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯೊಬ್ಬ ವೈಯಕ್ತಿಕ ಅಥವಾ ಗೃಹ ಉದ್ದೇಶಕ್ಕೆ ನಡೆಸುವ ದತ್ತಾಂಶ ಬಳಕೆಗೆ ಅನ್ವಯಿಸುವುದಿಲ್ಲ. ಎದುರುಮನೆಯ ಕ್ಯಾಮೆರಾ ತಮ್ಮ ಕಿಟಕಿಯತ್ತ ತಿರುಗಿದೆ ಎಂಬ ದೂರಿಗೆ ಈ ಕಾಯ್ದೆಯಲ್ಲಿ ಸಲೀಸಾದ ಉತ್ತರವಿಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪಾಗಿಸಿ ಮರೆಮಾಡುವ ಸೌಲಭ್ಯವಿದೆ. ನೆರೆಯವರ ಬಾಗಿಲು ಚೌಕಟ್ಟಿನೊಳಗೆ ಬರುತ್ತಿದ್ದರೆ ಅದನ್ನು ಬಳಸಬಹುದು, ಅಥವಾ ಏಣಿ ಹತ್ತಿ ಕ್ಯಾಮೆರಾವನ್ನೇ ತುಸು ತಿರುಗಿಸಬಹುದು. ಏಣಿ ಹತ್ತಿದಾಗ ಕೈಯಲ್ಲೊಂದು ಒಣ ಬಟ್ಟೆಯೂ ಇರಲಿ.