ಪರದೇಶದ ರುಚಿ, ಮಾವಳ್ಳಿಯ ಪಾಕಶಾಲೆ

ಕನ್ನಡ ಪ್ರವಾಸಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ಒಂದು ಕೊರತೆ ಬಹುಕಾಲದಿಂದ ಉಳಿದುಕೊಂಡು ಬಂದಿದೆ. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' ಮೊದಲಾದ ಕೃತಿಗಳನ್ನು ನಾವು ನಿಸರ್ಗವರ್ಣನೆಗಾಗಿ, ಪೂರ್ವಪಶ್ಚಿಮಗಳ ತೌಲನಿಕ ಚಿಂತನೆಗಾಗಿ, ಲೇಖಕನ ವ್ಯಕ್ತಿತ್ವದ ದರ್ಶನಕ್ಕಾಗಿ ಓದುತ್ತೇವೆ. ಆ ಪ್ರವಾಸಿ ಪರದೇಶದ ರಾಜಧಾನಿಯಲ್ಲಿ ಏನು ಉಂಡ, ಯಾರೊಡನೆ ಕುಳಿತು ಉಂಡ, ಏನನ್ನು ಬೇಡವೆಂದ, ಹಿಂದಿರುಗಿದ ಮೇಲೆ ಅವನ ಊಟದ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳುವುದು ಅಪರೂಪ. ಊಟದ ಮಾತು ಸಾಹಿತ್ಯವಿಚಾರಕ್ಕೆ ತಕ್ಕುದಲ್ಲ ಎಂಬ ಒಂದು ಅವ್ಯಕ್ತ ಭಾವನೆ ಇದರ ಹಿಂದಿದೆ. ಈ ಭಾವನೆ ಹಳಗನ್ನಡ, ನಡುಗನ್ನಡಗಳ ಪರಂಪರೆಗೆ ಸಮ್ಮತವಾದುದಲ್ಲ ಎಂಬುದು ನನ್ನ ಮೊದಲ ಮಾತು. ಪರದೇಶದ ಸಂಸ್ಕೃತಿಯನ್ನೂ ಅಡುಗೆಯನ್ನೂ ಸವಿಯುವುದೆಂದರೇನು ಎಂಬುದಕ್ಕೆ ಅತ್ಯುತ್ತಮ ಕನ್ನಡ ನಿದರ್ಶನ ಯಾವ ಪ್ರವಾಸಕಥನದಲ್ಲಿಯೂ ಇಲ್ಲ, ಲಾಲ್‌ಬಾಗಿನ ಪಕ್ಕದ ಒಂದು ಹೋಟೆಲಿನಲ್ಲಿದೆ ಎಂಬುದು ಎರಡನೆಯ ಮಾತು.

ಮೊದಲನೆಯದಕ್ಕೆ ಹೆಚ್ಚಿನ ಸಮರ್ಥನೆ ಬೇಕಾಗಿಲ್ಲ. ಇಂದಿನ ಇಡ್ಲಿಯ ಪೂರ್ವರೂಪವಾದ 'ಇಡ್ಡಲಿಗೆ' ವಡ್ಡಾರಾಧನೆಯಷ್ಟು ಹಿಂದೆಯೇ ಕಾಣಿಸಿಕೊಳ್ಳುತ್ತದೆ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕವಿಧಾನಕ್ಕೆ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಚಾಳುಕ್ಯ ದೊರೆ ಮುಮ್ಮಡಿ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವನ್ನು ಅರಸನ ಭೋಗಗಳಲ್ಲೊಂದಾಗಿ ಎಣಿಸಿ ವಿವರಿಸಿದ. ಹದಿನಾರನೆಯ ಶತಮಾನದ ಆದಿಭಾಗದ ಜೈನಕವಿ ಮುಮ್ಮಡಿ ಮಂಗರಸ 'ಸಮ್ಯಕ್ತ್ವಕೌಮುದಿ'ಯಂತಹ ಧರ್ಮಕಥೆಯನ್ನು ಬರೆದ ಕೈಯಿಂದಲೇ 'ಸೂಪಶಾಸ್ತ್ರ'ವನ್ನೂ ಷಟ್ಪದಿಯಲ್ಲಿ ರಚಿಸಿದ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಬಾಳೆ, ಹಲಸುಗಳ ಪಲ್ಯಗಳು, ಎಲ್ಲವೂ ಅಲ್ಲಿ ಕಾವ್ಯದ ವಸ್ತುಗಳಾಗಿವೆ. ವ್ರತನಿಷ್ಠೆಗೂ ರಸನೆಯ ಸೂಕ್ಷ್ಮತೆಗೂ ವಿರೋಧವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ. ಮಾಂಸ ವರ್ಜ್ಯವಾದ ಪಾಕಶಾಲೆಯಲ್ಲಿ ಕವಿಯ ಕಣ್ಣು ಬದನೆಕಾಯಿಯೊಂದರ ಹಲವು ಅವತಾರಗಳನ್ನು ಕಂಡಿತು. ನಿಯಮವು ರುಚಿಯನ್ನು ಕುಗ್ಗಿಸಲಿಲ್ಲ, ಅದಕ್ಕೆ ಏಕಾಗ್ರತೆಯನ್ನು ಕೊಟ್ಟಿತು.

ಈ ಮಾತನ್ನು ಯುರೋಪಿನ ರಾಜಧಾನಿಯೊಂದಕ್ಕೆ ಅನ್ವಯಿಸಿ ನೋಡೋಣ. 1888ರಲ್ಲಿ ಲಂಡನ್ನಿಗೆ ಹೊರಟ ತರುಣ ಮೋಹನದಾಸ ಗಾಂಧಿಗೆ ಪ್ರತಿಜ್ಞೆ ಮಾಡಿಸಿದವರು ಬೇಚರಜೀ ಸ್ವಾಮಿ ಎಂಬ ಜೈನಮುನಿಗಳು. ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ದೂರವಿಡುವ ಆ ಪ್ರತಿಜ್ಞೆಯಿಂದ ಲಂಡನ್ ಅವರ ಪಾಲಿಗೆ ಮುಚ್ಚಿಹೋಗಬೇಕಾಗಿತ್ತು. ಆದುದು ಅದಕ್ಕೆ ವಿರುದ್ಧವಾದುದು. ಸಸ್ಯಾಹಾರದ ಊಟದ ಮನೆಯನ್ನು ಹುಡುಕುತ್ತ ಅವರು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದರು. ಫ್ಯಾರಿಂಗ್ಡನ್ ಬೀದಿಯಲ್ಲಿ ಅಂತಹದೊಂದು ಉಪಾಹಾರಗೃಹ ಸಿಕ್ಕಿದಾಗ ಅಲ್ಲಿಯೇ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನೂ ಕೊಂಡರು. ಆ ಪುಸ್ತಕದಿಂದ ಸಸ್ಯಾಹಾರಿ ಸಂಘ, ಸಂಘದಿಂದ ಅದರ ಕಾರ್ಯಕಾರಿ ಸಮಿತಿ, ಅಲ್ಲಿಂದ ಜೋಸಯ್ಯ ಓಲ್ಡ್‌ಫೀಲ್ಡ್, ಎಡ್ವಿನ್ ಆರ್ನಾಲ್ಡ್ ಮೊದಲಾದವರ ಒಡನಾಟ ಒದಗಿತು. ನೃತ್ಯ, ಪಿಟೀಲು, ಟೊಪ್ಪಿಗೆ, ಟೈಗಳ ಮೂಲಕ ಆಂಗ್ಲ ಸಂಸ್ಕೃತಿಯನ್ನು ಪ್ರವೇಶಿಸಲು ಅವರು ಮಾಡಿದ ಪ್ರಯತ್ನ ಕೆಲವೇ ತಿಂಗಳು ನಡೆಯಿತು. ತಟ್ಟೆಯ ನಿಯಮದ ಮೂಲಕ ದೊರೆತ ಪ್ರವೇಶ ಬಾಳಿನುದ್ದಕ್ಕೂ ಉಳಿಯಿತು. ಏನನ್ನು ಬೇಕಾದರೂ ತಿನ್ನಬಲ್ಲ ಪ್ರವಾಸಿಗೆ ಆ ಲಂಡನ್, ಅಂದರೆ ಸುಧಾರಕರ, ಪ್ರಶ್ನೆಕೇಳುವವರ ಲಂಡನ್, ಕಾಣಸಿಗುವ ಸಂಭವ ಕಡಿಮೆಯಿತ್ತು.

ಆದ್ದರಿಂದ ಸಸ್ಯಾಹಾರಿಯಾದವನು ಯುರೋಪಿನಲ್ಲಿ ಸಂಸ್ಕೃತಿಯ ಹೊರಬಾಗಿಲಲ್ಲೇ ನಿಂತಿರಬೇಕಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ನಿಯಮವುಳ್ಳವನು ಪ್ರಶ್ನೆ ಕೇಳಬೇಕಾಗುತ್ತದೆ. ಕೇಳುವವನಿಗೆ ಅಡುಗೆಯ ಒಳಗುಟ್ಟು ತಿಳಿಯುತ್ತದೆ. ಈ ಚೀಸ್ ಗಟ್ಟಿಯಾದದ್ದು ಯಾವುದರಿಂದ ಎಂದು ಕೇಳಿದವನಿಗೆ, ಅನೇಕ ಸಾಂಪ್ರದಾಯಿಕ ಚೀಸುಗಳಲ್ಲಿ ಕರುವಿನ ಜಠರದಿಂದ ತೆಗೆದ ಕಿಣ್ವವನ್ನು ಬಳಸುತ್ತಾರೆಂದು ಗೊತ್ತಾಗುತ್ತದೆ. ತಿನ್ನುವವರಲ್ಲಿ ಬಹುಮಂದಿಗೆ ಅದು ಗೊತ್ತಿರುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ವ್ರತವುಳ್ಳ ಶ್ರಾವಕನಿಗೆ ಲಂಡನ್ನಿನ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೆ ಅವಕಾಶವಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಕೈತೊಳೆಯಬೇಕಾಗುತ್ತದೆ. ಅಕ್ಷಾಂಶವೆಂದರೇನೆಂಬುದನ್ನು ಅವನು ಭೂಪಟದಿಂದಲ್ಲ, ಹೊಟ್ಟೆಯಿಂದ ಕಲಿಯುತ್ತಾನೆ. ಇದೂ ಒಂದು ಬಗೆಯ ದೇಶಜ್ಞಾನ.

ಇನ್ನು ಎರಡನೆಯ ಮಾತು. 1924ರಲ್ಲಿ ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ 'ಬ್ರಾಹ್ಮಣ ಕಾಫಿ ಕ್ಲಬ್' ಎಂಬ ಚಿಕ್ಕ ಉಪಾಹಾರಗೃಹವನ್ನು ತೆರೆದರು. ಮುಂದೆ ಅದು 'ಮಾವಳ್ಳಿ ಟಿಫನ್ ರೂಮ್ಸ್', ಅಂದರೆ ಎಂ.ಟಿ.ಆರ್. ಆಯಿತು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಉದ್ದೇಶ ಸ್ಪಷ್ಟವಾಗಿತ್ತು: ಅಲ್ಲಿಯ ಉಪಾಹಾರಗೃಹಗಳು ಹೇಗೆ ನಡೆಯುತ್ತವೆ ಎಂಬುದನ್ನು ನೋಡುವುದು. ಅವರು ಅಲ್ಲಿಂದ ಮುಖ್ಯವಾಗಿ ತಂದದ್ದು ಭಕ್ಷ್ಯವಲ್ಲ. ಬಂದದ್ದು ಶುಚಿತ್ವದ ಕ್ರಮ: ಪಾತ್ರೆಗಳನ್ನು ಬಿಸಿಯಿಂದ ರೋಗಾಣುರಹಿತಗೊಳಿಸುವುದು, ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಡುವುದು, ಊಟದ ಶಿಷ್ಟಾಚಾರವನ್ನೂ ಸ್ವಚ್ಛತೆಯನ್ನೂ ಕುರಿತ ಪುಸ್ತಿಕೆಯನ್ನು ಬಂದವರ ಕೈಗೆ ಕೊಡುವುದು.

ಇದನ್ನು ನಾನು ಸಾರಗ್ರಹಣದ ಪ್ರವಾಸ ಎಂದು ಕರೆಯುತ್ತೇನೆ. ನಮ್ಮ ಮಡಿಯ ಕಲ್ಪನೆಯಲ್ಲಿ ಅಡುಗೆಮನೆ ಮರೆಯಲ್ಲಿರಬೇಕು. ಪರರ ದೃಷ್ಟಿ ಬೀಳಬಾರದು. ಯುರೋಪಿನಿಂದ ಹಿಂದಿರುಗಿದ ಮಯ್ಯರು ಅದನ್ನು ತಲೆಕೆಳಗು ಮಾಡಿದರು. ಪರರು ನೋಡಬಹುದಾದ ಅಡುಗೆಮನೆಯೇ ಶುದ್ಧವಾದ ಅಡುಗೆಮನೆ ಎಂಬುದು ಹೊಸ ತತ್ತ್ವ. ಶುದ್ಧಿಯು ಹುಟ್ಟಿನಿಂದ ಬರುವುದಲ್ಲ, ಕುದಿಯುವ ನೀರಿನಿಂದಲೂ ಕಾಣುವ ಕೆಲಸದಿಂದಲೂ ಬರುವುದು ಎಂಬ ಅರ್ಥ ಅದರಲ್ಲಿ ಅಡಗಿದೆ. ದಕ್ಷಿಣ ಭಾರತದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಗಳಿರುತ್ತಿದ್ದ ಕಾಲ ಆಗ ಇನ್ನೂ ನೆನಪಿನಿಂದ ಮಾಸಿರಲಿಲ್ಲ. 1960ರಲ್ಲಿ ಸಂಸ್ಥೆಯ ಹೆಸರಿನಿಂದ ಜಾತಿಸೂಚಕ ಪದ ಹೋಗಿ ಊರಿನ ಹೆಸರು ಬಂದಿತು. ಈ ಬದಲಾವಣೆಗೆ ಯುರೋಪಿನ ಪ್ರವಾಸವೇ ಕಾರಣವೆಂದು ಹೇಳುವುದು ಅತಿಯಾದೀತು. ಆದರೆ ಹಣ ಕೊಟ್ಟವರೆಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ, ಎಲ್ಲರೂ ಅಡುಗೆಮನೆಯನ್ನು ನೋಡಬಹುದಾದ ಸ್ಥಳಕ್ಕೆ ಹಳೆಯ ಹೆಸರು ಹೊಂದುತ್ತಿರಲಿಲ್ಲ ಎಂಬುದಂತೂ ನಿಜ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಇಳಿಸಿ ನಿಗದಿ ಮಾಡಿದಾಗ, ಗುಣಮಟ್ಟವನ್ನು ತಗ್ಗಿಸಲು ಒಪ್ಪದೆ ಸಂಸ್ಥೆ ಹೋಟೆಲನ್ನೇ ಮುಚ್ಚಿ ಸಿದ್ಧ ಮಿಶ್ರಣಗಳ ಮಾರಾಟಕ್ಕೆ ಇಳಿಯಿತು. ಆಚಾರವೆಂಬ ಪದಕ್ಕೆ ಇಷ್ಟು ಲೌಕಿಕವಾದ, ಇಷ್ಟು ಗಟ್ಟಿಯಾದ ಅರ್ಥ ಬಂದದ್ದು ಸಾಮಾನ್ಯವಲ್ಲ.

ಹಳೆಯ ಬೆಂಗಳೂರಿನ ಬಹುಭಾಗ ಇಂತಹ ಸಾರಗ್ರಹಣದಿಂದಲೇ ಆದುದು. 1889ರಲ್ಲಿ ಶಂಕುಸ್ಥಾಪನೆಗೊಂಡ ಲಾಲ್‌ಬಾಗಿನ ಗಾಜಿನಮನೆಗೆ ಲಂಡನ್ನಿನ ಸ್ಫಟಿಕ ಅರಮನೆ ಮಾದರಿ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ 1908ರಲ್ಲಿ ಇಲ್ಲಿಗೆ ಬಂದು ನಮ್ಮ ಬೀದಿಗಳಿಗೆ ಋತುವಿಗೊಂದು ಹೂವಿನ ಸಾಲನ್ನು ಕೊಟ್ಟ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕುಗಳ ಹೊಸ ನಗರಯೋಜನೆ ಗುಡಿಯ ಸುತ್ತಣ ಹಳೆಯ ಬಾಳುವೆಗೆ ಹೊಂದಿಕೊಂಡಿತು. ಅಯ್ಯಂಗಾರ್ ಬೇಕರಿ ಎಂಬ ಸಂಸ್ಥೆಯನ್ನೇ ನೋಡಿ: ಒಲೆ ಯುರೋಪಿನದು, ಬ್ರೆಡ್ಡು ಯುರೋಪಿನದು, ಮೊಟ್ಟೆಯನ್ನು ಬಿಟ್ಟು ಖಾರವನ್ನು ಬೆರೆಸಿದ ಬುದ್ಧಿ ಈ ಊರಿನದು. ಮಸಾಲೆದೋಸೆಯ ಪಲ್ಯದ ಆಲೂಗಡ್ಡೆ, ಒಳಗೆ ಸವರುವ ಕೆಂಪು ಚಟ್ನಿಯ ಮೆಣಸಿನಕಾಯಿ, ಇವೆರಡೂ ಅಮೆರಿಕ ಖಂಡದ ಬೆಳೆಗಳು. ಲಿಸ್ಬನ್ನಿನಿಂದ ಹೊರಟ ಹಡಗುಗಳು ತೆರೆದ ದಾರಿಯಿಂದ ಅವು ನಮ್ಮ ಕಡೆಗೆ ಬಂದವು. ಮಂಗರಸನ ಪಾಕಶಾಲೆ ಅವನ್ನು ಅರಿಯದು. 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ದೋಸೆಯನ್ನು 'ಅಪ್ಪಟ ದೇಸಿ' ಎಂದು ಹೊಗಳುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ದೇಸಿಯೆಂದರೆ ಹೊರಗಿನದೇನನ್ನೂ ಮುಟ್ಟದಿರುವುದಲ್ಲ. ಹೊರಗಿನದನ್ನು ತನ್ನ ಲಯಕ್ಕೆ ಒಗ್ಗಿಸಿಕೊಳ್ಳುವುದು. ನೃಪತುಂಗನ ಕಾಲದಿಂದ ನಮ್ಮ ಕವಿಗಳು ಸಂಸ್ಕೃತದೊಡನೆ ನಡೆಸಿದ ವ್ಯವಹಾರವೂ ಇದೇ.

ಕಾಫಿಯ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಲಂಡನ್ನಿನ ಮೊದಲ ಕಾಫಿಮನೆ 1652ರಲ್ಲಿ ಆರಂಭವಾಯಿತು. ಒಂದು ಪೆನ್ನಿ ಕೊಟ್ಟು ಒಳಹೊಕ್ಕವನು ಪತ್ರಿಕೆ ಓದಬಹುದಾಗಿತ್ತು, ವಾದ ಮಾಡಬಹುದಾಗಿತ್ತು. ಆದ್ದರಿಂದ ಅವನ್ನು ಪೆನ್ನಿಯ ವಿಶ್ವವಿದ್ಯಾಲಯಗಳೆಂದು ಕರೆದರು. ಐತಿಹ್ಯದಂತೆ ಆ ಶತಮಾನದಲ್ಲಿಯೇ ಬಾಬಾಬುಡನ್ ಚಿಕ್ಕಮಗಳೂರಿನ ಗಿರಿಗೆ ಕಾಫಿಬೀಜವನ್ನು ತಂದರು. ಆದರೆ ಕಾಫಿಯ ಸುತ್ತ ಮಾತಿನ ಮನೆ ಕಟ್ಟಿಕೊಳ್ಳಲು ನಮಗೆ ಇಪ್ಪತ್ತನೆಯ ಶತಮಾನ ಬೇಕಾಯಿತು. 'ಕಾಫಿ ಕ್ಲಬ್' ಎಂಬ ಹೆಸರೇ ಅದನ್ನು ಹೇಳುತ್ತದೆ. ಮಾಸ್ತಿ, ಡಿ.ವಿ.ಜಿ.ಯವರು ಓಡಾಡಿದ ಬಸವನಗುಡಿಯಲ್ಲಿ, 1915ರಲ್ಲಿ ಸ್ಥಾಪನೆಗೊಂಡ ಸಾಹಿತ್ಯ ಪರಿಷತ್ತು ನೆಲೆಸಿರುವ ಚಾಮರಾಜಪೇಟೆಯಲ್ಲಿ ಸಾಹಿತ್ಯದ ಎಷ್ಟೋ ಚರ್ಚೆಗಳು ಸಭಾಂಗಣದಲ್ಲಿ ಮುಗಿಯದೆ ಹೋಟೆಲಿನ ಮೇಜಿನವರೆಗೆ ಬರುತ್ತಿದ್ದವು. ನವೋದಯ, ನವ್ಯಗಳ ಚರಿತ್ರೆಯನ್ನು ಬರೆಯುವವರು ಆ ಮೇಜುಗಳನ್ನು ಬಿಟ್ಟು ಬರೆದರೆ ಚರಿತ್ರೆ ಅಪೂರ್ಣವೇ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಯುರೋಪಿನಿಂದ ಶುಚಿತ್ವ ಕಲಿತೆವು ಎನ್ನುವುದು ವಸಾಹತುಕಾಲದ ಕೀಳರಿಮೆಯ ಮಾತಲ್ಲವೇ ಎಂದು ಕೇಳುವವರಿದ್ದಾರೆ. ಕೀಳರಿಮೆಯುಳ್ಳವನು ಹೊರಗಿನದನ್ನು ಇಡಿಯಾಗಿ ನಕಲು ಮಾಡುತ್ತಾನೆ, ತನ್ನದನ್ನು ಬಚ್ಚಿಡುತ್ತಾನೆ. ಮಯ್ಯರು ಬಚ್ಚಿಡಲಿಲ್ಲ, ತೆರೆದು ತೋರಿಸಿದರು. ಇಡ್ಲಿ, ಸಾಗು, ಬೆಳ್ಳಿಲೋಟದ ಕಾಫಿ ಇದ್ದಂತೆಯೇ ಇದ್ದವು. ಏನು ಬೇಕು, ಏನು ಬೇಡ ಎಂಬ ವಿವೇಕ ಅವರ ಕೈಯಲ್ಲಿಯೇ ಉಳಿಯಿತು. ಇಂದಿನ ನಮ್ಮ ಪ್ರವಾಸಗಳಲ್ಲಿ ಕಾಣದಿರುವುದು ಈ ವಿವೇಕ. ಒಂದು ಗುಂಪು ಅಡುಗೆಯವರನ್ನೇ ಜೊತೆಗೆ ಕರೆದೊಯ್ದು ಪ್ಯಾರಿಸ್ಸಿನಲ್ಲಿ ಪೂರಿ ಸಾಗು ತಿಂದು ಬರುತ್ತದೆ. ಇನ್ನೊಂದು ಗುಂಪು ಕಂಡದ್ದನ್ನೆಲ್ಲ ತಿಂದು ಫೋಟೊ ತೆಗೆದುಕೊಂಡು ಬರುತ್ತದೆ. ಚಟ್ನಿಪುಡಿ, ಅವಲಕ್ಕಿಗಳನ್ನು ಕಟ್ಟಿಕೊಂಡು ಹೋಗುವುದರಲ್ಲಿ ತಪ್ಪೇನೂ ಇಲ್ಲ. ಆ ಊರಿನ ಸಂತೆಗೆ ಹೋಗಿ, ಅಲ್ಲಿಯ ರೊಟ್ಟಿ ಸುಡುವವನ ಕೆಲಸವನ್ನು ನೋಡಿ, ಅವನನ್ನು ನಾಲ್ಕು ಪ್ರಶ್ನೆ ಕೇಳದೆ ಹಿಂದಿರುಗುವುದು ಮಾತ್ರ ನಷ್ಟ. ಎರಡೂ ಗುಂಪಿನವರು ಆ ಊರಿನ ಅಡುಗೆಮನೆಯನ್ನು ಕಾಣದೆಯೇ ಬರುತ್ತಾರೆ.

ಸಂಶೋಧಕರಲ್ಲಿ ನನ್ನ ಬಿನ್ನಹ ಇಷ್ಟು. ಹೋಟೆಲಿನವರು ಪ್ರವಾಸಕಥನ ಬರೆಯಲಿಲ್ಲ. ಅವರು ಬಿಟ್ಟುಹೋದದ್ದು ತಿಂಡಿಪಟ್ಟಿಗಳು, ಲೆಕ್ಕದ ಪುಸ್ತಕಗಳು, ಗಿರಾಕಿಗಳಿಗೆ ಕೊಟ್ಟ ಪುಸ್ತಿಕೆಗಳು, ಕೆಲಸಗಾರರ ನೆನಪುಗಳು. ಹಳೆಯ ಬಡಾವಣೆಗಳ ಕಟ್ಟಡಗಳು ಒಂದೊಂದಾಗಿ ಉರುಳುತ್ತಿರುವಾಗ ಈ ಸಾಮಗ್ರಿ ಮೊದಲು ರದ್ದಿಗೆ ಹೋಗುತ್ತದೆ. ತಾಳೆಗರಿಯ ಸೂಪಶಾಸ್ತ್ರವನ್ನು ಯಾರೋ ಪ್ರತಿಮಾಡಿ ಬಸದಿಯಲ್ಲೋ ಮನೆಯಲ್ಲೋ ಉಳಿಸಿದುದರಿಂದ ಐನೂರು ವರ್ಷಗಳ ಹಿಂದಿನ ಬದನೆಕಾಯಿಯ ಪಲ್ಯ ನಮಗೆ ಗೊತ್ತು. ಐವತ್ತು ವರ್ಷಗಳ ಹಿಂದಿನ ಗಾಂಧಿಬಜಾರಿನ ತಿಂಡಿಪಟ್ಟಿಯನ್ನು ಉಳಿಸುವ ಲಿಪಿಕಾರ ಯಾರು? ಕನ್ನಡ ಅಧ್ಯಯನ ವಿಭಾಗಗಳು ಪ್ರವಾಸಸಾಹಿತ್ಯದ ಒಂದು ಪಿಎಚ್.ಡಿ. ವಿಷಯವನ್ನಾದರೂ ಗ್ರಂಥಾಲಯದಿಂದ ಹೋಟೆಲಿನ ಕಡೆಗೆ ತಿರುಗಿಸಬೇಕು. ಬರೆದವರ ಪ್ರವಾಸವಷ್ಟೇ ಸಾಹಿತ್ಯಚರಿತ್ರೆಯ ವಸ್ತುವಲ್ಲ. ನೋಡಿ ಬಂದು ಮಾಡಿ ತೋರಿಸಿದವರ ಪ್ರವಾಸವೂ ಅದರ ವಸ್ತುವೇ.