ಕಲ್ಲಿದ್ದಲಿನ ಅನಿಲವೂ ಪೋಲಾಗುವ ಶಾಖವೂ

ಕಲ್ಲಿದ್ದಲನ್ನು ನೇರವಾಗಿ ಸುಡುವುದಕ್ಕಿಂತ ಅದನ್ನು ಅನಿಲವನ್ನಾಗಿ ಮಾರ್ಪಡಿಸಿ ಉಪಯೋಗಿಸುವುದು ಲೇಸೆಂಬ ನಿರ್ಧಾರಕ್ಕೆ ಕೇಂದ್ರ ಸರಕಾರವು ಬಂದಿದೆ. 2024ರ ಜನವರಿ 24ರಂದು ಕೇಂದ್ರ ಮಂತ್ರಿಮಂಡಲವು ಈ ಕಾರ್ಯಕ್ಕಾಗಿ 8,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಧನವನ್ನು ಮಂಜೂರು ಮಾಡಿತು. 2030ರ ಹೊತ್ತಿಗೆ 10 ಕೋಟಿ ಟನ್ನು ಕಲ್ಲಿದ್ದಲನ್ನು ಅನಿಲವಾಗಿಸಬೇಕೆಂಬುದು ಸರಕಾರದ ಗುರಿ. 2024-25ರಲ್ಲಿ ನಮ್ಮ ದೇಶದ ಗಣಿಗಳಿಂದ ಹೊರಬಂದ ಕಲ್ಲಿದ್ದಲು 100 ಕೋಟಿ ಟನ್ನನ್ನು ದಾಟಿತ್ತು. ಎಂದರೆ, ಅಗೆದು ತೆಗೆಯುವ ಪ್ರತಿ ಹತ್ತು ಬುಟ್ಟಿಗಳಲ್ಲಿ ಸರಿಸುಮಾರು ಒಂದು ಬುಟ್ಟಿಯಷ್ಟನ್ನು ಅನಿಲದ ಕುಲುಮೆಗೆ ಹಾಕಬೇಕೆಂಬ ಯೋಜನೆಯಿದು.

ಇದು ದೊಡ್ಡ ಬಂಡವಳಿಗರ ವ್ಯವಹಾರ, ಮಾಟುಂಗದಲ್ಲಿ ದೋಸೆ ಹೊಯ್ಯುವವನಿಗೂ ಫೋರ್ಟಿನ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೂ ಇದರಿಂದೇನು ಎಂದು ಓದುಗರು ಕೇಳಬಹುದು. ಆದರೆ ಇಂಧನದ ಪ್ರಶ್ನೆ ನಮ್ಮ ಅಡಿಗೆಮನೆಯ ಬಾಗಿಲಿಗೇ ಬಂದು ನಿಂತಿದೆ. 2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸೇ ಮೊದಲಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಆ ಬಳಿಕ ನಗರಪಾಲಿಕೆಯು ಇದ್ದಲಿನ ತಂದೂರುಗಳುಳ್ಳ ಹೋಟೆಲುಗಳಿಗೂ ನೋಟೀಸು ಕಳುಹಿಸಿತು. ಹೊಗೆ ತಗ್ಗಬೇಕೆಂಬುದು ನ್ಯಾಯವೇ. ಆದರೆ ಇಂಧನ ಬದಲಾದಾಗಲೆಲ್ಲ ಖರ್ಚು ಏರುತ್ತದೆ. ಏರಿದ ಖರ್ಚು ಮೊದಲು ತಟ್ಟುವುದು ಕೆಲಸಗಾರನ ಸಂಬಳಕ್ಕೆ, ಅನಂತರ ಗಿರಾಕಿಯ ತಟ್ಟೆಗೆ. ಆದುದರಿಂದ, ಯಾವ ಇಂಧನವನ್ನು ಉರಿಸಬೇಕೆಂದು ಕೇಳುವಷ್ಟೇ ಗಂಭೀರವಾಗಿ, ಉರಿಸಿದ್ದರಲ್ಲಿ ಎಷ್ಟು ನಮ್ಮ ಕೈಗೆ ಬರುತ್ತದೆ ಎಂದೂ ನಾವು ಕೇಳಬೇಕಾಗಿದೆ.

ಪತ್ರಿಕೆಯ ಮೇಜಿಗೆ ಬರುವ ಮುನ್ನ ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಭಟ್ಟಿಯ ಮುಂದೆ ನಿಲ್ಲುವವನ ಮೈಗೆ ತಗಲುವ ಝಳವೆಲ್ಲವೂ ಹಣ ಕೊಟ್ಟು ಕೊಂಡ ಇಂಧನವೇ ಎಂಬ ಅರಿವು ನಮಗೆ ತಿಂಗಳ ಕೊನೆಯ ಬಿಲ್ಲುಗಳಿಂದ ಬಂದಿತು. ನಮ್ಮ ಊರ ಕಡೆಯ ಹಿರಿಯರು ಈ ಪಾಠವನ್ನು ಶಾಲೆಗೆ ಹೋಗದೆಯೇ ಕಲಿತಿದ್ದರು. ದೊಡ್ಡ ಒಲೆಯ ಬೆನ್ನಿಗೆ ಕೋಡೊಲೆಯನ್ನು ಕಟ್ಟಿ, ಅನ್ನದ ಪಾತ್ರೆಯಡಿಯಿಂದ ಹೊರಡುವ ಉರಿಯಿಂದಲೇ ಸಾರಿನ ಪಾತ್ರೆಯನ್ನೂ ಕುದಿಸುತ್ತಿದ್ದರು. ಶಾಖವು ಮನೆಯಿಂದ ಹೊರಬೀಳುವ ಮುನ್ನ ಅದರಿಂದ ಇನ್ನೊಂದು ಕೆಲಸ ಮಾಡಿಸಿಕೊಳ್ಳುವುದೇ ಇದರ ಗುಟ್ಟು. ಕಾರಖಾನೆಗಳ ಅನಿಲದ ಕುಲುಮೆಗಳಲ್ಲಿ ಗಾಳಿಯನ್ನು ಮೊದಲೇ ಬಿಸಿ ಮಾಡುವ ವಿದ್ಯೆಯೂ ಇದೇ ಆಗಿದೆ.

ಅನಿಲವು ಹುಟ್ಟುವ ಬಗೆ

ಅನಿಲವನ್ನು ತಯಾರಿಸುವ ಕುಲುಮೆಯೆಂದರೆ ಕಲ್ಲಿದ್ದಲನ್ನು ಆಳವಾಗಿ ತುಂಬಿದ, ಮೇಲೆ ಮುಚ್ಚಳವಿರುವ ಒಂದು ದೊಡ್ಡ ಕೊಳವೆ. ಕೆಳಗಿನಿಂದ ಗಾಳಿಯನ್ನೂ ಒಂದಿಷ್ಟು ನೀರಿನ ಆವಿಯನ್ನೂ ಊದುತ್ತಾರೆ. ತಳದಲ್ಲಿ ಇದ್ದಲು ಧಗಧಗನೆ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಪಗೆ ಕಾದ ಇದ್ದಲಿನ ನಡುವೆ ಏರುವಾಗ ಇನ್ನಷ್ಟು ಇಂಗಾಲವನ್ನು ಸೆಳೆದುಕೊಂಡು ಇಂಗಾಲದ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ನೀರಿನ ಆವಿಯೂ ಇದ್ದಲಿನೊಡನೆ ಕೂಡಿ ಜಲಜನಕವನ್ನು ಕೊಡುತ್ತದೆ. ಮಾನಾಕ್ಸೈಡೂ ಜಲಜನಕವೂ ಉರಿಯುವ ಅನಿಲಗಳು. ಇವನ್ನು ಕೊಳವೆಯ ಮೂಲಕ ಒಯ್ದು ಗಾಜಿನ, ಉಕ್ಕಿನ ಅಥವಾ ಪಿಂಗಾಣಿಯ ಕುಲುಮೆಯಲ್ಲಿ ಉರಿಸಬಹುದು. ಇದಕ್ಕೆ ಪ್ರೊಡ್ಯೂಸರ್ ಗ್ಯಾಸ್ ಎಂದು ಹೆಸರು.

ಇಲ್ಲಿ ಒಂದು ತೊಡಕುಂಟು. ಅನಿಲವನ್ನು ಹುಟ್ಟಿಸುವ ಈ ಎರಡು ಕ್ರಿಯೆಗಳೂ ಶಾಖವನ್ನು ನುಂಗುವಂಥವು. ಊದಿದ ಗಾಳಿ ತಣ್ಣಗಿದ್ದರೆ, ಅದನ್ನು ಕಾಯಿಸುವುದಕ್ಕೇ ಒಂದಷ್ಟು ಇದ್ದಲು ಪೂರ್ತಿಯಾಗಿ ಉರಿದುಹೋಗಬೇಕು. ಅಷ್ಟು ಇದ್ದಲು ಅನಿಲವಾಗಿ ನಮಗೆ ದಕ್ಕುವುದಿಲ್ಲ. ಅಲ್ಲದೆ, ಊದಿದ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವಿರುವುದರಿಂದ, ಸಿದ್ಧವಾದ ಅನಿಲದಲ್ಲಿ ಅರ್ಧದಷ್ಟು ಈ ನಿರುಪಯೋಗಿ ಸಾರಜನಕವೇ ತುಂಬಿರುತ್ತದೆ. ಹಾಲಿಗೆ ಸಮನಾಗಿ ನೀರು ಬೆರೆಸಿದಂತೆ ಅದು ಸಪ್ಪೆ ಅನಿಲ. ಇನ್ನು ಕುಲುಮೆಯಿಂದ ಹೊರಬೀಳುವಾಗ ಅದು ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ಟಾರನ್ನು ತೆಗೆಯಲೆಂದು ಅದನ್ನು ನೀರಿನಿಂದ ತೊಳೆದರೆ ಆ ಬಿಸಿಯೆಲ್ಲವೂ ಚರಂಡಿಯ ಪಾಲು.

ಈ ನಷ್ಟಕ್ಕೆ ಪರಿಹಾರವು ಸರಳವಾದುದು. ಹೊರಹೋಗುವ ಬಿಸಿ ಅನಿಲವನ್ನು ಲೋಹದ ನಳಿಗೆಗಳ ಸುತ್ತ ಹಾಯಿಸಿ, ನಳಿಗೆಗಳ ಒಳಗಿನಿಂದ ಒಳಬರುವ ಗಾಳಿಯನ್ನು ಕಳುಹಿಸಿದರೆ, ಶಾಖವು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಬಿಸಿ ಗಾಳಿ ಒಳಹೊಕ್ಕಾಗ ಕಡಿಮೆ ಇದ್ದಲು ಸುಟ್ಟರೂ ಕುಲುಮೆಯು ಕಾದಿರುತ್ತದೆ, ಮಾನಾಕ್ಸೈಡಿನ ಅಂಶ ಹೆಚ್ಚುತ್ತದೆ, ಹೆಚ್ಚು ಆವಿಯನ್ನು ಊದಿ ಹೆಚ್ಚು ಜಲಜನಕವನ್ನೂ ಪಡೆಯಬಹುದು. ಮುಂದೆ ಆ ಅನಿಲವನ್ನು ಉರಿಸುವಾಗ ಬೆರೆಸುವ ಗಾಳಿಯನ್ನೂ ಚಿಮಣಿಯತ್ತ ಹೋಗುವ ಹೊಗೆಯಿಂದ ಕಾಯಿಸಿಕೊಂಡರೆ, ಸಪ್ಪೆ ಅನಿಲವೂ ಗಾಜನ್ನು ಕರಗಿಸುವಷ್ಟು ತೀಕ್ಷ್ಣವಾದ ಉರಿಯನ್ನು ಕೊಡುತ್ತದೆ.

ಲಾಭವೆಷ್ಟೆಂದು ಗುಮಾಸ್ತ ಬಂಧುಗಳು ಲೆಕ್ಕ ಹಾಕಿ ನೋಡಬಹುದು. ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆಯು ಬಾಯ್ಲರುಗಳ ಮಟ್ಟಿಗೆ ಒಂದು ಸೂತ್ರವನ್ನು ಹೇಳಿದೆ: ಉರಿಗೆ ಸೇರುವ ಗಾಳಿಯ ಬಿಸಿಯನ್ನು ಪೋಲಾಗುವ ಶಾಖದಿಂದ 20 ಡಿಗ್ರಿ ಏರಿಸಿದರೆ ಇಂಧನದಲ್ಲಿ ನೂರಕ್ಕೆ ಒಂದು ಪಾಲು ಉಳಿಯುತ್ತದೆ. ಆ ಪ್ರಕಾರ 30 ಡಿಗ್ರಿಯ ಗಾಳಿಯನ್ನು 230 ಡಿಗ್ರಿಗೆ ಏರಿಸಿದರೆ ನೂರಕ್ಕೆ ಹತ್ತು ಪಾಲು ಉಳಿತಾಯ. ದಿನಕ್ಕೆ 10 ಟನ್ನು ಕಲ್ಲಿದ್ದಲು ಉರಿಸುವವನಿಗೆ ದಿನಕ್ಕೊಂದು ಟನ್ನು, 300 ದಿನಗಳ ದುಡಿಮೆಯಲ್ಲಿ 300 ಟನ್ನು. ಬಾಯ್ಲರಿಗಿಂತ ಬಹಳ ಹೆಚ್ಚು ಬಿಸಿಯ ಹೊಗೆಯನ್ನು ಬಿಡುವ ಗಾಜಿನ ಮತ್ತು ಉಕ್ಕಿನ ಕುಲುಮೆಗಳಲ್ಲಿ ಉಳಿತಾಯವು ಇದಕ್ಕಿಂತಲೂ ಹೆಚ್ಚು.

ಗ್ಯಾಸ್ ಕಾರಖಾನೆಯವನ ಸಾಹಸ

ಇದು ಹೊಸ ವಿದ್ಯೆಯೇನೂ ಅಲ್ಲ. ಗ್ಲಾಸ್ಗೋ ನಗರದ ಗ್ಯಾಸ್ ಕಾರಖಾನೆಯಲ್ಲಿ ನೌಕರಿಯಲ್ಲಿದ್ದ ಜೇಮ್ಸ್ ನೀಲ್ಸನ್ ಎಂಬಾತನು 1828ರಲ್ಲಿ, ಕಬ್ಬಿಣದ ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸುವ ಕ್ರಮಕ್ಕೆ ಪೇಟೆಂಟ್ ಪಡೆದನು. ಚಳಿಗಾಲದಲ್ಲಿ ಕುಲುಮೆ ಚೆನ್ನಾಗಿ ನಡೆಯುವುದನ್ನು ಕಂಡಿದ್ದ ಅಂದಿನ ಕಬ್ಬಿಣದ ಧಣಿಗಳು, ಗಾಳಿ ತಣ್ಣಗಿದ್ದಷ್ಟೂ ಒಳ್ಳೆಯದೆಂದೇ ನಂಬಿದ್ದರು. ಆದುದರಿಂದ ನೀಲ್ಸನ್ನನ ಮಾತು ಅವರಿಗೆ ಹುಚ್ಚುತನವೆನಿಸಿತು. ಕ್ಲೈಡ್ ಕಬ್ಬಿಣದ ಕಾರಖಾನೆಯಲ್ಲಿ ಪ್ರಯೋಗ ನಡೆದಾಗ, ಒಂದು ಟನ್ನು ಕಬ್ಬಿಣಕ್ಕೆ ಬೇಕಾಗುತ್ತಿದ್ದ ಸುಮಾರು 8 ಟನ್ನು ಕಲ್ಲಿದ್ದಲು ಮೊದಲು 5 ಟನ್ನಿನ ಆಸುಪಾಸಿಗೆ ಇಳಿಯಿತು. ಗಾಳಿಯನ್ನು ಇನ್ನೂ ಕಾಯಿಸಿ, ಕೋಕಿನ ಬದಲು ಹಸಿ ಕಲ್ಲಿದ್ದಲನ್ನೇ ಬಳಸಿದಾಗ, ಕೆಲವೇ ವರ್ಷಗಳಲ್ಲಿ ಅದು 3 ಟನ್ನಿಗಿಂತಲೂ ಕೆಳಗೆ ಬಂದಿತು.

ಅನಂತರ ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು ದುಡಿದ ಸೀಮೆನ್ಸ್ ಸೋದರರು ಇದನ್ನು ಮುಂದಕ್ಕೊಯ್ದರು. 1856ರಲ್ಲಿ ಫ್ರೆಡರಿಕ್ ಸೀಮೆನ್ಸನು ಹೊಗೆಯ ಶಾಖವನ್ನು ಇಟ್ಟಿಗೆಗಳಲ್ಲಿ ಹಿಡಿದಿಡುವ ಉಪಾಯಕ್ಕೆ ಪೇಟೆಂಟ್ ಪಡೆದನು. ಜಾಲಂದರದಂತೆ ಜೋಡಿಸಿದ ಇಟ್ಟಿಗೆಗಳ ಕೋಣೆಗಳ ಮೂಲಕ ಬಿಸಿ ಹೊಗೆಯನ್ನು ಹಾಯಿಸುವುದು, ಇಟ್ಟಿಗೆಗಳು ಕಾದೊಡನೆ ಹೊಗೆಯನ್ನು ಇನ್ನೊಂದು ಕಡೆಯ ಕೋಣೆಗಳಿಗೆ ತಿರುಗಿಸಿ, ಕಾದ ಕೋಣೆಗಳ ಮೂಲಕ ಗಾಳಿಯನ್ನೂ ಅನಿಲವನ್ನೂ ಒಳಗೆ ಬಿಡುವುದು, ಇದೇ ಕ್ರಮ. 1861ರಲ್ಲಿ ಇದಕ್ಕೆ ಅನಿಲ ತಯಾರಿಸುವ ಕುಲುಮೆಯೂ ಜೊತೆಯಾಯಿತು. ಪುಸ್ತಕಕ್ಕೆ ರಟ್ಟು ಕಟ್ಟುವ ಹುಡುಗನಾಗಿ ಬಾಳನ್ನಾರಂಭಿಸಿ ಮಹಾವಿಜ್ಞಾನಿಯಾದ ಮೈಕೇಲ್ ಫ್ಯಾರಡೆಯು 1862ರ ಜೂನ್ 20ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೊಟ್ಟ ತನ್ನ ಕೊನೆಯ ಶುಕ್ರವಾರದ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ ಈ ಗ್ಯಾಸ್ ಕುಲುಮೆಯೇ ಆಗಿತ್ತು.

ಇತಿಮಿತಿಗಳು

ಬಿಸಿ ಗಾಳಿಯಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. ನೂರಕ್ಕೆ 30ರಿಂದ 45 ಪಾಲಿನವರೆಗೂ ಇರುವುದುಂಟು. ಗಾಳಿಯನ್ನು ಮಿತಿಮೀರಿ ಕಾಯಿಸಿದರೆ ಬೂದಿಯು ಕರಗಿ ಗಟ್ಟಿ ಕಿಟ್ಟವಾಗಿ ಕುಲುಮೆಯ ಬಾಯಿ ಕಟ್ಟುತ್ತದೆ. ಅದನ್ನು ತಡೆಯಲು ಆವಿಯನ್ನು ಹದವರಿತು ಬೆರೆಸಬೇಕು. ಉರಿಯು ಹೆಚ್ಚು ತೀಕ್ಷ್ಣವಾದಂತೆ ಸಾರಜನಕದ ಆಕ್ಸೈಡುಗಳೆಂಬ ಕೆಟ್ಟ ಅನಿಲಗಳೂ ಹೆಚ್ಚುತ್ತವೆ. ಸರಕಾರವು ನೆಚ್ಚಿಕೊಂಡಿರುವ ಭಾರೀ ಸ್ಥಾವರಗಳಲ್ಲಿ ಗಾಳಿಯ ಬದಲು ಆಮ್ಲಜನಕವನ್ನೇ ಊದುವ ಪದ್ಧತಿಯುಂಟು. ಅಲ್ಲಿ ಯಂತ್ರಗಳು ಬೇರೆಯಾದರೂ, ಹೊರಹೋಗುವ ಶಾಖವನ್ನು ಹಿಡಿಯಬೇಕೆಂಬ ನಿಯಮ ಬೇರೆಯಲ್ಲ.

ಇನ್ನು ಮಾನಾಕ್ಸೈಡಿನ ಮಾತು. ಪ್ರೊಡ್ಯೂಸರ್ ಗ್ಯಾಸಿನಲ್ಲಿ ಅದು ಕಾಲುಭಾಗದಷ್ಟಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ್ದು ತಿಳಿಯುವ ಮೊದಲೇ ಮನುಷ್ಯನು ಕುಸಿದುಬೀಳುತ್ತಾನೆ. ದೆಹಲಿಯ ಚಳಿಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಇದ್ದಲಿನ ಅಂಗೀಠಿಯನ್ನು ಹತ್ತಿರವಿಟ್ಟುಕೊಂಡು ಮಲಗಿದವರು ಬೆಳಗಾಗುವಾಗ ಏಳದೆ ಹೋಗುವುದೂ ಇದೇ ಅನಿಲದಿಂದ. ಆ ನಗರದ ಹೋಟೆಲುಗಳಲ್ಲಿ ರಾತ್ರಿ ತಂಗುವ ನಮ್ಮ ತರುಣರು ಇದನ್ನು ಮರೆಯಬಾರದು.

ಮೋರ್ಬಿ ಮತ್ತು ಫಿರೋಜಾಬಾದ್ ಕಲಿಸಿದ ಪಾಠ

ನಮ್ಮ ಹೋಟೆಲುಗಳ ಗೋಡೆಗಳಲ್ಲಿ ಹೊಳೆಯುವ ಟೈಲ್ಸುಗಳಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯಲ್ಲಿ ತಯಾರಾದವು. ಅಲ್ಲಿಯ ಕಾರಖಾನೆಗಳಲ್ಲಿ ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಕುಲುಮೆಗಳು ನೂರಾರು ಇದ್ದವು. ಟಾರು ಬೆರೆತ ನೀರೂ ಹೊಗೆಯೂ ಸುತ್ತಣ ನೆಲ, ಜಲ, ಗಾಳಿಗಳನ್ನು ಕೆಡಿಸಿದ್ದರಿಂದ, 2019ರ ಮಾರ್ಚಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಅವನ್ನು ಮುಚ್ಚುವಂತೆ ಆಜ್ಞೆ ಮಾಡಿತು. ತನ್ನ ಖರ್ಚನ್ನು ನೆರೆಯವನ ಬಾವಿಗೆ ಸುರಿಯುವುದನ್ನು ಯಾರೂ ಮಿತವ್ಯಯವೆಂದು ಕರೆಯಲಾರರು. ಆದುದರಿಂದ ಆ ಆಜ್ಞೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಬಳಿಕ ಕಾರಖಾನೆಗಳು ಗ್ಯಾಸಿನ ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕಿದವು. 2022ರ ಆಗಸ್ಟಿನಲ್ಲಿ ದುಬಾರಿ ಇಂಧನದ ಹೊರೆಯನ್ನು ತಾಳಲಾರದೆ ಅನೇಕ ಕಾರಖಾನೆಗಳು ಕೆಲವು ವಾರ ಬಾಗಿಲು ಹಾಕಿದವು. ನಮ್ಮಂತೆಯೇ ಊರು ಬಿಟ್ಟು ಅಲ್ಲಿಗೆ ದುಡಿಯಲು ಬಂದವರಿಗೆ ಮುಚ್ಚಿದ ಬಾಗಿಲು ಏನೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಫಿರೋಜಾಬಾದಿನ ಕಥೆ ಬೇರೊಂದು ದಾರಿಯನ್ನು ತೋರಿಸುತ್ತದೆ. ತಾಜಮಹಲಿನ ರಕ್ಷಣೆಗಾಗಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ಆ ಪ್ರದೇಶದ ಕಾರಖಾನೆಗಳು ಕಲ್ಲಿದ್ದಲನ್ನು ಬಿಡಬೇಕೆಂದು ತೀರ್ಪಿತ್ತಿತು. ಬಳೆಗಾಜು ಕರಗಿಸುವ ಸಣ್ಣ ಕುಲುಮೆಗಳವರಿಗೆ ಅದು ಅಳಿವು ಉಳಿವಿನ ಪ್ರಶ್ನೆ. ಆಗ ಟೆರಿ ಎಂಬ ಸಂಶೋಧನಾ ಸಂಸ್ಥೆಯು ಸ್ವಿಟ್ಜರ್ಲೆಂಡಿನ ನೆರವಿನೊಡನೆ, ಹೊಗೆಯ ಶಾಖದಿಂದ ಗಾಳಿಯನ್ನು ಮೊದಲೇ ಕಾಯಿಸುವ ಗ್ಯಾಸ್ ಕುಲುಮೆಯೊಂದನ್ನು ಅಲ್ಲಿಯೇ ಕಟ್ಟಿ ನಡೆಸಿ ತೋರಿಸಿತು. ಇಂಧನದ ಖರ್ಚು ಗಣನೀಯವಾಗಿ ಇಳಿದುದನ್ನು ಕಣ್ಣಾರೆ ಕಂಡ ನೆರೆಯ ಕುಲುಮೆಗಳವರೂ ಅದನ್ನು ಅನುಸರಿಸಿದರು. ಬರಿಯ ನಿಷೇಧಾಜ್ಞೆ ಮಾಡಲಾರದ ಕೆಲಸವನ್ನು ನಡೆಯುವ ಮಾದರಿಯೊಂದು ಮಾಡಿತು.

ಮಾಡಬೇಕಾದುದೇನು?

ಈಗ 8,500 ಕೋಟಿಯ ಲೆಕ್ಕಕ್ಕೆ ಮರಳೋಣ. ಅದರಲ್ಲಿ 4,050 ಕೋಟಿ ರೂಪಾಯಿ ಸರಕಾರೀ ಉದ್ಯಮಗಳಿಗೆ. ಖಾಸಗಿಯವರೂ ಸರಕಾರೀ ಉದ್ಯಮಗಳೂ ಸ್ಪರ್ಧಿಸುವ ಪಾಲು 3,850 ಕೋಟಿ. ದೇಶೀಯ ತಂತ್ರಜ್ಞಾನದ ಪ್ರಯೋಗಗಳಿಗೂ ಸಣ್ಣ ಸ್ಥಾವರಗಳಿಗೂ ಸೇರಿ ಉಳಿದದ್ದು 600 ಕೋಟಿ. ಇದು ನೂರಕ್ಕೆ ಏಳು ಪಾಲು. ದೊಡ್ಡವರು ದೊಡ್ಡ ಯಂತ್ರಗಳನ್ನು ತರಿಸಿಕೊಳ್ಳಬಲ್ಲರು, ತಜ್ಞರನ್ನು ಇರಿಸಿಕೊಳ್ಳಬಲ್ಲರು. ಶಾಖವು ಹೆಚ್ಚಾಗಿ ಪೋಲಾಗುತ್ತಿರುವುದೂ, ಕೆಲಸಗಾರನ ಬೆನ್ನು ಸುಡುತ್ತಿರುವುದೂ ಸಣ್ಣ ಕುಲುಮೆಗಳ ಮುಂದೆ.

ಆದುದರಿಂದ ನಮ್ಮ ಸೂಚನೆ ಮೂರು. ಪ್ರೋತ್ಸಾಹ ಧನ ಪಡೆಯುವ ಪ್ರತಿಯೊಂದು ಸ್ಥಾವರವೂ ಹೊರಹೋಗುವ ಶಾಖವನ್ನು ಮರಳಿ ಬಳಸುವ ಏರ್ಪಾಡನ್ನು ತೋರಿಸಬೇಕು. ಹಳೆಯ ಸಣ್ಣ ಕುಲುಮೆಗಳಿಗೆ ಗಾಳಿ ಕಾಯಿಸುವ ಉಪಕರಣವನ್ನು ಜೋಡಿಸಿಕೊಳ್ಳಲು ಕಡಿಮೆ ಬಡ್ಡಿಯ ಸಾಲ ದೊರೆಯಬೇಕು, ಮತ್ತು ಫಿರೋಜಾಬಾದಿನಲ್ಲಿ ಮಾಡಿದಂತೆ ಪ್ರತಿ ಉದ್ಯಮಕೇಂದ್ರದಲ್ಲಿ ಒಂದು ಮಾದರಿ ಕುಲುಮೆಯನ್ನು ನಡೆಸಿ ತೋರಿಸಬೇಕು. ಮಾನಾಕ್ಸೈಡ್ ಸೋರಿದರೆ ಕೂಗಿ ಹೇಳುವ ಯಂತ್ರವಿಲ್ಲದ ಅನಿಲದ ಕುಲುಮೆಯನ್ನು ನಡೆಸಲು ಯಾರಿಗೂ ಅನುಮತಿ ಕೊಡಬಾರದು.

2023-24ರಲ್ಲಿ ನಮ್ಮ ದೇಶವು 26 ಕೋಟಿ ಟನ್ನಿಗೂ ಮಿಕ್ಕಿದ ಕಲ್ಲಿದ್ದಲನ್ನು ಪರದೇಶಗಳಿಂದ ಹಣ ತೆತ್ತು ತರಿಸಿಕೊಂಡಿತು. ಹೀಗೆ ತರಿಸಿದ್ದರ ಒಂದು ಪಾಲನ್ನು ಚಿಮಣಿಯ ಮೂಲಕ ಆಕಾಶಕ್ಕೆ ಕಳುಹಿಸಿಬಿಟ್ಟು, ಇಂಧನ ಸಾಲದೆಂದು ಇನ್ನಷ್ಟು ಗಣಿಗಳನ್ನು ತೋಡುವುದು ಜಾಣತನವಲ್ಲ. ಮಂತ್ರಿಗಳೂ ಉದ್ಯಮಪತಿಗಳೂ ಕಡತಗಳಿಗೆ ಸಹಿ ಹಾಕುವ ಮುನ್ನ, ಹೊಗೆಯೊಡನೆ ಎಷ್ಟು ಶಾಖ ಹೊರಗೆ ಹೋಗುತ್ತಿದೆಯೆಂದು ತಮ್ಮ ಕುಲುಮೆಯ ಮುಂದೆ ನಿಂತು ದುಡಿಯುವ ಕೆಲಸಗಾರನನ್ನು ಒಮ್ಮೆ ಕೇಳಲಿ. ಅವನಿಗೆ ಅದು ಚೆನ್ನಾಗಿ ಗೊತ್ತಿದೆ.